ಬಾಗಿಲ ತನಕ ಹೋದವರು

ಮೊದಲ ಸುತ್ತಿನಲ್ಲೇ ಹೊರಬಿದ್ದವರು ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಾರೆ, ಮೂರನೆಯ ದಿನ ಇನ್ನೊಂದು ಕಂಪನಿಯ ಅರ್ಜಿ ತುಂಬುತ್ತಾರೆ. ಕೊನೆಯ ಸುತ್ತಿನಲ್ಲಿ ಹೊರಬಿದ್ದವರ ಪಾಡು ಬೇರೆ. ರಾಶಿ ರಾಶಿ ಬಯೋಡೇಟಾಗಳ ನಡುವೆ ಅವರದ್ದು ಶಾರ್ಟ್‌ಲಿಸ್ಟ್ ಆಗಿದೆ, ಆನ್‌ಲೈನ್ ಪರೀಕ್ಷೆ ದಾಟಿದೆ, ಒಂದರ ಹಿಂದೊಂದು ಕೇಸ್, ಅಂದರೆ ಯಾವುದೋ ವ್ಯವಹಾರದ ಸಮಸ್ಯೆ, ಬಿಡಿಸಿದ್ದಾಗಿದೆ, ಪಾರ್ಟ್‌ನರ್‌ಗಳ ಎದುರು ಕುಳಿತು ನಗುನಗುತ್ತಾ ಕೈಕುಲುಕಿ ಬಂದದ್ದೂ ಆಗಿದೆ. ಅಮ್ಮನಿಗೆ ಅರ್ಧ ಸುದ್ದಿ ಕೊಟ್ಟಾಗಿದೆ, ಅವರು ದೇವರಿಗೆ ಹರಕೆಯನ್ನೂ ಹೊತ್ತಿರುತ್ತಾರೆ. ಆಮೇಲೆ ‘ಈ ಸಲ ಆಗಲಿಲ್ಲ’ ಎಂಬ ಫೋನ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇಂಥವರ ಬಾಯಲ್ಲಿ ಬರೀ ಗಾದೆಯಲ್ಲ.

ನನ್ನ ಅಕ್ಕನ ಮಗಳಿಗೆ ಆದದ್ದು ಇದೇ. ಎಂಬಿಎ ಮುಗಿಯುವ ವರ್ಷ ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿ ಅವಳನ್ನು ಕೊನೆಯ ಸುತ್ತಿನವರೆಗೆ ಕರೆದು ವಾಪಸ್ ಕಳಿಸಿತು. ಅವಳು ಬೇರೆ ಕಡೆ ಕೆಲಸಕ್ಕೆ ಸೇರಿದಳು. ಇಂಥ ಹಲವು ಕಂಪನಿಗಳಲ್ಲಿ ಒಮ್ಮೆ ತಿರಸ್ಕೃತರಾದವರು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಆ ಅವಧಿ ಕಳೆಯುತ್ತಿದ್ದಂತೆ ಅದೇ ಕಂಪನಿಗೆ ಮತ್ತೆ ಹಾಕುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದ್ದೇ ತಡ, ಭಾವನವರು ಊಟದ ತಟ್ಟೆಯಿಂದ ಕೈ ತೆಗೆದರು.

“ಬೇಡ ಅಂತ ಹೇಳಿ ಕಳಿಸಿದ ಸಂಬಂಧಕ್ಕೆ ಯಾರಾದ್ರೂ ಮತ್ತೆ ಜಾತಕ ಕಳಿಸ್ತಾರೇನಮ್ಮ?”

ಅಕ್ಕನಿಗೂ ಅದು ಸರಿ ಅನ್ನಿಸಿತು. ಹುಡುಗಿ ನನ್ನ ಕಡೆ ತಿರುಗಿದಳು. “ನೀನಾದ್ರೂ ಹೇಳು ಚಿಕ್ಕಮ್ಮ.”

ನಾನು ಅಂಥದೇ ಬೇರೊಂದು ಕಂಪನಿಯಲ್ಲಿ ಕೆಲವು ವರ್ಷ ದುಡಿದವಳು. ಮೇಜಿನ ಆಚೆ ಕುಳಿತು ಅವಳ ವಯಸ್ಸಿನವರಿಗೆ ಪ್ರಶ್ನೆ ಕೇಳಿದವಳು. ಹಾಗಾಗಿ ಆ ರಾತ್ರಿ ಅವಳ ಪರವಾಗಿ ಮಾತಾಡುವ ಹೊಣೆ ನನ್ನ ಮೇಲೆ ಬಿತ್ತು.

ಭಾವನವರ ಮಾತಿನ ಹಿಂದೆ ಇರುವ ಸ್ವಾಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಅವರೇ ತಮ್ಮ ಊರಿನ ಹುಡುಗನೊಬ್ಬ ಯುಪಿಎಸ್‌ಸಿ ಸಂದರ್ಶನದಲ್ಲಿ ಎಡವಿ ಮತ್ತೆ ಓದಲು ಕುಳಿತದ್ದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿ ಮುಖ್ಯ ಪರೀಕ್ಷೆಗೆ 1750 ಅಂಕ, ಸಂದರ್ಶನಕ್ಕೆ 275. ಆ 275ರಲ್ಲಿ ಕೈತಪ್ಪಿದರೂ ಮುಂದಿನ ಸಲ ಪ್ರಿಲಿಮ್ಸ್‌ನಿಂದಲೇ ಶುರು. ಬೆಂಗಳೂರಿನ ವಿಜಯನಗರದಲ್ಲಿ, ಧಾರವಾಡದಲ್ಲಿ, ಕೋಚಿಂಗ್ ಸೆಂಟರುಗಳ ಸುತ್ತ ಬಾಡಿಗೆ ಕೋಣೆಗಳಲ್ಲಿ ಹೀಗೆ ಮತ್ತೆ ಮತ್ತೆ ಶುರು ಮಾಡುವ ಮಕ್ಕಳಿದ್ದಾರೆ. ಅವರನ್ನು ನಾವು ಛಲಗಾರರು ಅನ್ನುತ್ತೇವೆ, ಸರಿಯಾಗಿಯೇ ಅನ್ನುತ್ತೇವೆ. ಸರ್ಕಾರದ ಬಾಗಿಲಿಗೆ ಹತ್ತು ಸಲ ಹೋದರೆ ಛಲ, ಖಾಸಗಿ ಕಂಪನಿಯ ಬಾಗಿಲಿಗೆ ಎರಡನೆಯ ಸಲ ಹೋದರೆ ಮರ್ಯಾದೆಗೇಡು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅವತ್ತು ರಾತ್ರಿ ಭಾವನವರಿಗೆ ಇಷ್ಟು ಹೇಳಿದ ಮೇಲೆ ಅವರು ಊಟ ಮುಂದುವರಿಸಿದರು. ಒಪ್ಪಿದರೆಂದಲ್ಲ, ಯೋಚನೆಗೆ ಬಿದ್ದರು.

ಒಂದು ವ್ಯತ್ಯಾಸ ಮಾತ್ರ ನಿಜವಾಗಿಯೂ ದೊಡ್ಡದು. ಯುಪಿಎಸ್‌ಸಿ ಅಂಕ ಪ್ರಕಟಿಸುತ್ತದೆ. ಎಲ್ಲಿ ಎಷ್ಟು ಕಡಿಮೆಯಾಯಿತು ಎಂದು ಹುಡುಗನಿಗೆ ಗೊತ್ತಾಗುತ್ತದೆ. ಕನ್ಸಲ್ಟಿಂಗ್ ಕಂಪನಿಯಲ್ಲಿ ಅಂಕಪಟ್ಟಿ ಇಲ್ಲ. ಸಂದರ್ಶನ ಮುಗಿದ ಮೇಲೆ ಪ್ರಶ್ನೆ ಕೇಳಿದವರೆಲ್ಲ ಒಟ್ಟಿಗೆ ಕುಳಿತು ಒಬ್ಬೊಬ್ಬರ ಹೆಸರು ತೆಗೆದು ಮಾತಾಡುತ್ತಾರೆ. ಲೆಕ್ಕದಲ್ಲಿ ಚುರುಕು, ಸರಿ. ಮಾತು ಚೆನ್ನಾಗಿದೆ, ಸರಿ. ಆಗ ಯಾರೋ ಒಬ್ಬರು, “ನನ್ನ ಕ್ಲೈಂಟ್ ಎದುರು ಇವರನ್ನು ಒಬ್ಬರೇ ಕೂರಿಸೋಕೆ ನನಗೆ ಧೈರ್ಯ ಸಾಲ್ತಾ ಇಲ್ಲ” ಎನ್ನುತ್ತಾರೆ. ಕೊನೆಯ ಸುತ್ತಿನ ಬಹುಪಾಲು ನಿರಾಕರಣೆಗಳು ಇಂಥ ಒಂದು ವಾಕ್ಯದಲ್ಲಿ ತೀರ್ಮಾನವಾಗುವುದನ್ನು ನಾನು ಕಂಡಿದ್ದೇನೆ. ಆ ವಾಕ್ಯ ಒರಟು ಅನ್ನಿಸಬಹುದು, ಅನ್ಯಾಯವಲ್ಲ. 1926ರಲ್ಲಿ ಶಿಕಾಗೋದಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸೆ ತನ್ನ ಹೆಸರಿನ ಸಂಸ್ಥೆ ಕಟ್ಟಿದಾಗಲೂ, 1963ರಲ್ಲಿ ಬ್ರೂಸ್ ಹೆಂಡರ್ಸನ್ ಬಾಸ್ಟನ್ನಿನಲ್ಲಿ ಬಿಸಿಜಿ ಶುರು ಮಾಡಿದಾಗಲೂ, ಅಲ್ಲಿಂದ ಹೊರಬಂದ ಬಿಲ್ ಬೇನ್ 1973ರಲ್ಲಿ ತನ್ನದೇ ಸಂಸ್ಥೆ ತೆರೆದಾಗಲೂ ಮಾರಾಟಕ್ಕಿದ್ದದ್ದು ಸಲಹೆ ಒಂದೇ. ಗೋದಾಮಿನಲ್ಲಿ ಸರಕಿಲ್ಲ. ಸಲಹೆ ಕೊಡುವ ಮನುಷ್ಯನ ಮೇಲೆ ನಂಬಿಕೆ ಹುಟ್ಟದಿದ್ದರೆ ವ್ಯಾಪಾರವೇ ಇಲ್ಲ.

ನಮ್ಮ ಹುಡುಗಿಗೆ ಆ ಕೊನೆಯ ಸುತ್ತಿನಲ್ಲಿ ಕೊಟ್ಟ ಕೇಸ್ ಹಾಸನದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನದು. ಲಾಭ ಇಳಿಯುತ್ತಿದೆ, ಯಾಕೆ? ಅವಳು ಆದಾಯ ಒಂದು ಕಡೆ, ವೆಚ್ಚ ಒಂದು ಕಡೆ ಇಟ್ಟಳು. ಬೆಳೆಗಾರರು ತರುವ ಕಾಫಿಯಲ್ಲಿ ಚೆರಿ ಎಷ್ಟು, ಪಾರ್ಚ್‌ಮೆಂಟ್ ಎಷ್ಟು ಎಂದು ಬಿಡಿಸಿದಳು. ಕೊಯ್ಲಿನ ಸೀಸನ್‌ನಲ್ಲಿ ಯಂತ್ರಕ್ಕೆ ಬಿಡುವಿಲ್ಲ, ಉಳಿದ ತಿಂಗಳು ಕೆಲಸವಿಲ್ಲ ಎಂಬುದನ್ನೂ ತಾನೇ ಹಿಡಿದಳು. ಹಾಸನ, ಸಕಲೇಶಪುರ ಬಲ್ಲವರಿಗೆ ಅದು ಸಹಜವಾಗಿ ಹೊಳೆಯುವ ಮಾತು. ಆಗ ಪಾರ್ಟ್‌ನರ್ ಕೇಳಿದರಂತೆ, “ನಾಳೆ ಬೆಳಗ್ಗೆ ಮಾಲೀಕರು ಬರ್ತಾರೆ. ಇನ್ನೊಂದು ಯಂತ್ರ ಹಾಕಿಸಲೋ ಬೇಡವೋ ಅಂತ ಕೇಳ್ತಾರೆ. ಏನು ಹೇಳ್ತೀರಿ?” ಇವಳು ಇನ್ನಷ್ಟು ಅಂಕಿ-ಅಂಶ ಬೇಕು ಎಂದಳು. ಅವರು ಮತ್ತೆ ಕೇಳಿದರು. ಇವಳು ಎರಡೂ ಕಡೆಯ ಸಾಧಕ ಬಾಧಕಗಳನ್ನು ಅಂದವಾಗಿ ಜೋಡಿಸಿ ಹೇಳಿದಳು.

ಯಂತ್ರ ಬೇಕೋ ಬೇಡವೋ ಎಂಬುದು ಮಾತ್ರ ಹೊರಗೆ ಬರಲೇ ಇಲ್ಲ.

ಈ ವೃತ್ತಿಯವರಿಗೆಲ್ಲ ಗೊತ್ತಿರುವ ಒಂದು ಹೆಸರು ಬಾರ್ಬರಾ ಮಿಂಟೋ. 1963ರಲ್ಲಿ ಮೆಕಿನ್ಸೆ ಸೇರಿದಾಕೆ, ಆ ಸಂಸ್ಥೆ ನೇಮಿಸಿಕೊಂಡ ಮೊದಲ ಮಹಿಳಾ ಎಂಬಿಎ. ವಿಷಯವನ್ನು ಒಂದರ ಮೇಲೊಂದು ಬೀಳದಂತೆ, ಏನೂ ಬಿಟ್ಟುಹೋಗದಂತೆ ವಿಂಗಡಿಸುವುದನ್ನು ಆಕೆಯ ‘ಪಿರಮಿಡ್ ಪ್ರಿನ್ಸಿಪಲ್’ನಿಂದ ಎಂಬಿಎ ಮಕ್ಕಳೆಲ್ಲ ಕಲಿಯುತ್ತಾರೆ. ಆದರೆ ಅದೇ ಪುಸ್ತಕ ಒತ್ತಿ ಹೇಳುವ ಇನ್ನೊಂದು ಮಾತಿದೆ: ಉತ್ತರ ಮೊದಲು, ಕಾರಣಗಳು ಆಮೇಲೆ. ಪಿರಮಿಡ್ಡಿನ ತುದಿಯಲ್ಲಿ ಇರಬೇಕಾದದ್ದು ತೀರ್ಮಾನ. ವಿಂಗಡಣೆಯನ್ನು ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡಬಹುದು. ತೀರ್ಮಾನಿಸುವ ಶಕ್ತಿ ಎಲ್ಲಿಂದ ಬರಬೇಕು? ಅದು ಹೊಣೆ ಹೊತ್ತವರಿಗೆ ಮಾತ್ರ ಬರುವಂಥದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮತ್ತೆ ಅರ್ಜಿ ಹಾಕುವವರಲ್ಲಿ ಬಹಳ ಮಂದಿ ಕಾಯಬೇಕಾದ ಆ ಎರಡು ವರ್ಷವನ್ನು ಇನ್ನಷ್ಟು ಕೇಸ್ ಬಿಡಿಸುವುದರಲ್ಲೇ ಕಳೆಯುತ್ತಾರೆ. ರಾತ್ರಿ ಊಟವಾದ ಮೇಲೆ ಗೆಳೆಯರ ಜೊತೆ ವಿಡಿಯೋ ಕಾಲ್, ಭಾನುವಾರ ಮಾಕ್ ಸಂದರ್ಶನ. ಹಗಲಿನ ನೌಕರಿ ಹೇಗೋ ತಳ್ಳುವ ನೌಕರಿ. ಅವರ ಶ್ರಮ ನೋಡಿದರೆ ನನಗೆ ಕನಿಕರವಾಗುತ್ತದೆ, ಯಾಕೆಂದರೆ ಕೊನೆಯ ಸುತ್ತಿಗೆ ಹೋದವರಿಗೆ ಕೇಸ್ ಬಿಡಿಸಲು ಆಗಲೇ ಬರುತ್ತದೆ. ಬಾರದಿದ್ದರೆ ಅಲ್ಲಿಯವರೆಗೆ ಕರೆಯುತ್ತಿರಲಿಲ್ಲ. ಕೊರತೆಯಿರುವುದು ಬೇರೆಡೆ, ಅದನ್ನು ತುಂಬಬಲ್ಲದ್ದು ಅವರು ತಳ್ಳುತ್ತಿರುವ ಆ ಹಗಲಿನ ನೌಕರಿಯೇ.

ನಮ್ಮವಳು ಸೇರಿದ್ದು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಪ್ಲಾನಿಂಗ್ ವಿಭಾಗಕ್ಕೆ. ಬಟ್ಟೆ ಮಿಲ್ಲಿನಿಂದ ತಡವಾಗಿ ಬಂತು ಅನ್ನಿ. ಎರಡು ಆರ್ಡರು, ಇಬ್ಬರು ಬಯರುಗಳು, ಇರುವ ಲೈನುಗಳು ಒಂದಕ್ಕೇ ಸಾಲುತ್ತವೆ. ಚೆನ್ನೈ ಬಂದರಿಗೆ ಲಾರಿ ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಹಡಗು ತಪ್ಪುತ್ತದೆ. ವಿಮಾನದಲ್ಲಿ ಕಳಿಸಿದರೆ ಆ ಖರ್ಚು ಕಾರ್ಖಾನೆಯ ತಲೆಗೆ ಬಂದು ಲಾಭವನ್ನೆಲ್ಲ ನುಂಗುತ್ತದೆ. ಭಾನುವಾರ ಓಟಿ ಮಾಡಿಸೋಣವೆಂದರೆ, ಹೊಲಿಗೆ ಯಂತ್ರದ ಮುಂದೆ ವಾರವಿಡೀ ಕುಳಿತವರು ಬಹುಪಾಲು ಹೆಂಗಸರು. ಮನೆಯಲ್ಲಿ ಬಟ್ಟೆ, ಪಾತ್ರೆ, ಮಕ್ಕಳು ಭಾನುವಾರಕ್ಕೇ ಕಾದಿರುತ್ತಾರೆ. ಇನ್ನಷ್ಟು ಅಂಕಿ-ಅಂಶ ಬರಲಿ ಎಂದು ಕಾಯುವಂತಿಲ್ಲ, ಸಂಜೆಯೊಳಗೆ ಫ್ಲೋರ್ ಇನ್‌ಚಾರ್ಜ್‌ಗೆ ಉತ್ತರ ಬೇಕು. ಅಂಥ ಒಂದು ದಿನ ಅವಳು ಭಾನುವಾರದ ಓಟಿ ಬೇಡವೆಂದು, ಒಂದು ಆರ್ಡರನ್ನು ಮುಂದಕ್ಕೆ ಹಾಕಿಸಿ, ಆ ಬಯರಿಗೆ ತಾನೇ ಫೋನ್ ಮಾಡಿ ಬೈಸಿಕೊಂಡಳು. ಇನ್ನೊಂದು ಆರ್ಡರು ಹಡಗಿಗೆ ಹೊತ್ತಿಗೆ ಸರಿಯಾಗಿ ಹೋಯಿತು. ಇದನ್ನು ನನಗೆ ಹೇಳುವಾಗ ಅವಳು ಸಾಧಕ ಬಾಧಕ ಪಟ್ಟಿ ಮಾಡಲಿಲ್ಲ. “ಓಟಿ ಬೇಡ ಅಂದೆ ಚಿಕ್ಕಮ್ಮ, ಯಾಕೆ ಅಂದ್ರೆ...” ಎಂದು ಶುರು ಮಾಡಿದಳು. ಉತ್ತರ ಮೊದಲು ಬಂತು. ಇವಳು ತಯಾರಾಗಿದ್ದಾಳೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಹಳೆಯ ಸಂದರ್ಶನದ ಟಿಪ್ಪಣಿ ಕಂಪನಿಯ ಬಳಿ ಇರುತ್ತದಲ್ಲ, ಅದು ಮುಳುವಾಗುವುದಿಲ್ಲವೇ ಎಂಬುದು ಮತ್ತೆ ಅರ್ಜಿ ಹಾಕುವವರೆಲ್ಲರ ಅಂಜಿಕೆ. ಇರುತ್ತದೆ, ಇರಲಿ. ಕೊನೆಯ ಸುತ್ತಿನವರೆಗೆ ಬಂದಿದ್ದರು ಎಂದು ಬರೆದ ಟಿಪ್ಪಣಿ ಒಂದು ಬಗೆಯ ಶಿಫಾರಸು. ಹಿಂದೆ ಬಂದಿದ್ದೆ, ಇಂಥ ಕಾರಣಕ್ಕೆ ಆಗಲಿಲ್ಲ, ಅಲ್ಲಿಂದೀಚೆಗೆ ಇಂಥ ಕೆಲಸ ಮಾಡಿದೆ ಎಂದು ಪತ್ರದಲ್ಲೇ ನೇರವಾಗಿ ಬರೆದರೆ ಓದುವವರಿಗೆ ಕುತೂಹಲ ಹುಟ್ಟುತ್ತದೆ. ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ. ಅವತ್ತು ಸಂದರ್ಶನ ಮಾಡಿದವರಲ್ಲಿ ಯಾರಾದರೂ ಪ್ರೀತಿಯಿಂದ ಮಾತಾಡಿದ್ದರೆ ಅವರಿಗೆ ಎರಡು ಸಾಲು ಬರೆದು ರೆಫರಲ್ ಕೇಳುವುದರಲ್ಲಿ ಸಂಕೋಚ ಬೇಡ.

ಅವಳ ಅರ್ಜಿ ಹೋಗಿದೆ, ಮೊದಲ ಸುತ್ತು ಮುಂದಿನ ತಿಂಗಳು. ಭಾವನವರು ಈಗ ಆ ವಿಷಯ ಎತ್ತುವುದಿಲ್ಲ, ಮಗಳ ಸಂದರ್ಶನದ ದಿನ ಮಾತ್ರ ಕೇಳಿಟ್ಟುಕೊಂಡಿದ್ದಾರೆ.

ಇದೆಲ್ಲ ಸಾಧ್ಯವಾದದ್ದು ಒಂದು ಫೋನ್ ಕರೆಯಿಂದ. ಅವಳನ್ನು ಬೇಡವೆಂದ ಪಾರ್ಟ್‌ನರ್ ಅವತ್ತು ಫೋನಿನಲ್ಲೇ ಸ್ವಲ್ಪ ಹೊತ್ತು ಮಾತಾಡಿ, “ನೀವು ಉತ್ತರದ ಹತ್ತಿರಕ್ಕೆ ಬಂದು ನಿಂತುಬಿಡ್ತೀರಿ, ಹೇಳೋದಿಲ್ಲ” ಎಂದು ಸ್ಪಷ್ಟವಾಗಿ ತಿಳಿಸಿದ್ದರು. ಅದೊಂದು ಮಾತು ಇರದಿದ್ದರೆ ಇವಳೂ ಎರಡು ವರ್ಷ ಕೇಸ್ ಬಿಡಿಸುತ್ತಲೇ ಇರುತ್ತಿದ್ದಳು. ನೂರಾರು ಮಕ್ಕಳಿಗೆ ಸಿಗುವುದು ‘ಈ ಸಲ ಪೈಪೋಟಿ ಹೆಚ್ಚಿತ್ತು’ ಎಂಬ ಎಚ್‌ಆರ್ ಮೇಲ್ ಮಾತ್ರ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮೇಜಿನ ಆಚೆ ಕುಳಿತವರಲ್ಲಿ ನನ್ನದೊಂದು ವಿನಂತಿ: ಕೊನೆಯ ಸುತ್ತಿನಿಂದ ಒಬ್ಬರನ್ನು ವಾಪಸ್ ಕಳಿಸುವಾಗ ಆ ಕೋಣೆಯಲ್ಲಿ ನೀವು ಆಡಿದ ಆ ಒಂದು ವಾಕ್ಯವನ್ನು ಅವರಿಗೂ ಹೇಳಿ. ಮೃದುವಾಗಿ ಹೇಳಿ, ಆದರೆ ಇದ್ದದ್ದನ್ನು ಇದ್ದಂತೆ ಹೇಳಿ.