ಮಹಾಗಾಂವದ ಮಾಳಿಗೆಯ ಛತ್ರಿಗಳು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಬಸ್ಸು ಪಟ್ಟಣದ ಗದ್ದಲವನ್ನು ಹಿಂದೆ ಬಿಡುತ್ತಲೇ ಎರಡೂ ಬದಿಗೆ ಎರೆಭೂಮಿ ತೆರೆದುಕೊಳ್ಳುತ್ತದೆ. ತೊಗರಿ, ಜೋಳ, ನಡುನಡುವೆ ಬೇವಿನ ಮರ. ಇದೇ ದಾರಿಯಲ್ಲಿ ಮುಂದೆ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಬರುತ್ತದೆ. ಅದಕ್ಕೂ ಮೊದಲೇ ಸಿಗುವ ಊರು ಮಹಾಗಾಂವ. ಕ್ರಾಸಿನಲ್ಲಿ ಇಳಿದವರ ಕಣ್ಣು ಸಾಮಾನ್ಯವಾಗಿ ಚಹಾದಂಗಡಿಯ ಕಡೆಗೆ ಹೋಗುತ್ತದೆ. ಒಮ್ಮೆ ಮೇಲಕ್ಕೂ ನೋಡಬೇಕು. ಮಾಳಿಗೆಗಳ ಮೇಲೆ, ತಗಡಿನ ಮೇಲೆ ಟಿ.ವಿ. ಛತ್ರಿಗಳು ಕಾಣುತ್ತವೆ. ಒಂದೇ ಸೇವೆಯ ಛತ್ರಿಗಳೆಲ್ಲ ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ, ಸೂರ್ಯಕಾಂತಿಯ ಹೊಲದ ಹಾಗೆ.

ಡಿ.ಡಿ. ಫ್ರೀ ಡಿಶ್ ಛತ್ರಿಗಳು ನೋಡುವುದು ಆಗ್ನೇಯಕ್ಕೆ. ಸಮಭಾಜಕ ವೃತ್ತದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹದ ಕಡೆಗೆ ಅವುಗಳ ದೃಷ್ಟಿ. ಲೆಕ್ಕ ಹಾಕಿದರೆ ಕಲಬುರಗಿ ಸೀಮೆಯಿಂದ ಅದು ದಿಗಂತಕ್ಕಿಂತ ಸುಮಾರು 62 ಡಿಗ್ರಿ ಮೇಲಿದೆ. ಆದರೆ ಐವತ್ತು ವರ್ಷಗಳ ಹಿಂದೆ ಈ ಜಿಲ್ಲೆಯ ಛತ್ರಿಗಳು ನೋಡುತ್ತಿದ್ದುದು ಬೇರೆ ಕಡೆಗೆ: ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ, ಆಕಾಶದಲ್ಲಿ 39 ಡಿಗ್ರಿಯಷ್ಟೇ ಎತ್ತರಕ್ಕೆ. ಆ ಕಥೆ ಇಂದಿನ ಮಕ್ಕಳಿಗೆ ಗೊತ್ತಿಲ್ಲ. ತಂದೆತಾಯಿಗಳಲ್ಲೂ ಅನೇಕರಿಗೆ ಮರೆತಿದೆ.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಆರಂಭವಾಯಿತು. ಅದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಮುಟ್ಟಿಸುವ ಪ್ರಯತ್ನ. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ಅದು ನನಸಾಗುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡಿದ್ದರು. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಒದಗಿಸಿತು. ಆಫ್ರಿಕಾದ ಕೀನ್ಯಾ ದೇಶದ ನೆತ್ತಿಯ ಮೇಲೆ, 35 ಡಿಗ್ರಿ ಪೂರ್ವದಲ್ಲಿ ಅದನ್ನು ನಿಲ್ಲಿಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನ ಜನ ಇನ್ನೂ ಟಿ.ವಿ. ಕಾಣದಿದ್ದ ಕಾಲದಲ್ಲಿ ಈ ಮೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಸಂಜೆಯಾದರೆ ಜನ ಒಂದು ಪೆಟ್ಟಿಗೆಯ ಮುಂದೆ ಸೇರುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ರೈತರಿಗೂ ಹೆಣ್ಣುಮಕ್ಕಳಿಗೂ ಕಾರ್ಯಕ್ರಮ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ವಿಧಾನದ ತರಬೇತಿಯೂ ಇದೇ ಉಪಗ್ರಹದಿಂದ ನಡೆಯಿತು. ಆರೂ ರಾಜ್ಯ ಸೇರಿ ಐವತ್ತು ಸಾವಿರದ ಹತ್ತಿರ ಶಿಕ್ಷಕರು ಅದರ ಪ್ರಯೋಜನ ಪಡೆದರು.

ಆ ಛತ್ರಿಯನ್ನು ಕಟ್ಟಿದ್ದು ಏನಿನಿಂದ? ಕೋಳಿಗೂಡಿಗೆ ಹೊದಿಸುವ ತಂತಿಯ ಜಾಲರಿಯಿಂದ! ಅಗಲ ಮೂರು ಮೀಟರ್. ತೂತುಗಳಿರುವ ಜಾಲರಿಯಿಂದ ಅಲೆಗಳು ಸೋರಿಹೋಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಸಾರದ ಆವೃತ್ತಿ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಅಲೆಯುದ್ದ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಜಾಲರಿಯ ತೂತು ಅದರ ಮುಂದೆ ತೀರ ಚಿಕ್ಕದು. ಅಷ್ಟು ದೊಡ್ಡ ಅಲೆಗೆ ಆ ಜಾಲರಿ ಗೋಡೆಯಂತೆಯೇ ಸರಿ. ಜಾಲರಿಯಾದ್ದರಿಂದ ಬೆಲೆ ಕಡಿಮೆ, ತೂಕ ಕಡಿಮೆ. ಗಾಳಿಗೂ ಅಡ್ಡಿಯಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ರೇಡಿಯೋ ಅಲೆಗೆ ಒಂದು ‘ನಿಲುವು’ ಇರುತ್ತದೆ. ಬೇವಿನ ಮರಕ್ಕೆ ಹಗ್ಗದ ಒಂದು ತುದಿ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಆಡಿಸಿದರೆ ಹಗ್ಗದಲ್ಲಿ ನೆಟ್ಟಗಿನ ಅಲೆ ಓಡುತ್ತದೆ. ಅಕ್ಕಪಕ್ಕ ಆಡಿಸಿದರೆ ಅಡ್ಡ ಅಲೆ. ಒಂದೇ ಗೆರೆಯಲ್ಲಿ ಆಡುವ ಇಂಥ ಅಲೆಗೆ ರೇಖೀಯ ಧ್ರುವೀಕರಣವಿದೆ ಎನ್ನುತ್ತಾರೆ. ಕೈಯನ್ನು ಗಿರಕಿಯಂತೆ ತಿರುಗಿಸಿದರೆ ಹಗ್ಗದಲ್ಲಿ ಸುರುಳಿ ಸುರುಳಿಯಾಗಿ ಅಲೆ ಸಾಗುತ್ತದೆ. ಅದು ವೃತ್ತೀಯ ಧ್ರುವೀಕರಣ. ಅದರಲ್ಲಿ ಬಲಗೈ ಸುರುಳಿ, ಎಡಗೈ ಸುರುಳಿ ಎಂದು ಎರಡು ಜಾತಿ.

ರೇಖೀಯ ಅಲೆಗೆ ಒಂದು ತೊಂದರೆಯುಂಟು. ಕಳಿಸುವ ಆಂಟೆನಾ ಮತ್ತು ಹಿಡಿಯುವ ಆಂಟೆನಾ ಎರಡೂ ಒಂದೇ ನಿಲುವಿನಲ್ಲಿರಬೇಕು. ನಿಲುವು 60 ಡಿಗ್ರಿ ತಪ್ಪಿದರೆ ಕಾಲು ಭಾಗ ಶಕ್ತಿ ಮಾತ್ರ ಸಿಗುತ್ತದೆ, 90 ಡಿಗ್ರಿ ತಪ್ಪಿದರೆ ಏನೂ ಇಲ್ಲ. ಇಂದಿಗೂ ಮಾಳಿಗೆ ಏರಿದ ಮೆಕ್ಯಾನಿಕ್ ಛತ್ರಿಯ ತುದಿಯ ಗುಂಡಿಯನ್ನು ಹೊರಳಿಸುತ್ತ “ಬಂತೇನೋ?” ಎಂದು ಕೂಗುವುದು, ಕೆಳಗಿನಿಂದ ಹುಡುಗ “ಇನ್ನಾ ಇಲ್ಲ ಅಣ್ಣಾ, ಜರಾ ತಿರುಗಿಸು” ಎನ್ನುವುದು ಇದೇ ಕಾರಣಕ್ಕೆ. ನಮ್ಮ ದೇಶದ ಡಿ.ಟಿ.ಎಚ್. ಸಂಕೇತಗಳು ರೇಖೀಯ. ಭೂಮಿ ದುಂಡಗಿರುವುದರಿಂದ ದೆಹಲಿಯಲ್ಲಿ ಒಂದು ಕೋನಕ್ಕೆ ಕೂರಿಸಿದ ಗುಂಡಿಯನ್ನು ಕಲಬುರಗಿಯಲ್ಲಿ ಅದೇ ಉಪಗ್ರಹಕ್ಕಾಗಿ ಸುಮಾರು 15 ಡಿಗ್ರಿ ಬೇರೆಯಾಗಿ ಕೂರಿಸಬೇಕಾಗುತ್ತದೆ.

ಇನ್ನೊಂದು ತೊಂದರೆ ಮೇಲಿನ ಅಯಾನುಗೋಳದ್ದು. ಆ ಪದರವನ್ನು ದಾಟಿ ಬರುವಾಗ ರೇಖೀಯ ಅಲೆಯ ನಿಲುವೇ ಹೊರಳಿಬಿಡುತ್ತದೆ. ಮೈಕೇಲ್ ಫ್ಯಾರಡೆ 1845ರಲ್ಲಿ ಗಾಜಿನಲ್ಲಿ ಕಂಡ ಪರಿಣಾಮವೇ ಇದು. ಆವೃತ್ತಿ ಹೆಚ್ಚಿದಂತೆ ಈ ಹೊರಳಿಕೆ ವರ್ಗದ ಲೆಕ್ಕದಲ್ಲಿ ತಗ್ಗುತ್ತದೆ. ಇಂದಿನ ಡಿ.ಟಿ.ಎಚ್. ಅಲೆಗಳಲ್ಲಿ ಅದು ಗಣನೆಗೇ ಬಾರದು. 860 ಮೆಗಾಹರ್ಟ್ಸ್‌ನಲ್ಲಿ ಅದು ನೂರೈವತ್ತು ಪಟ್ಟಿಗೂ ಮಿಕ್ಕಿ ಹೆಚ್ಚು. ಅದೂ ಹಗಲಿಗೊಂದು, ಇರುಳಿಗೊಂದು. ಪ್ರತಿ ಸಂಜೆ ಯಾರು ಆಂಟೆನಾ ತಿರುಗಿಸುತ್ತ ಕೂಡಬೇಕು? ಸುರುಳಿ ಅಲೆಗೆ ಈ ಕಾಟವಿಲ್ಲ. ತಿರುಗುತ್ತಲೇ ಬರುವುದನ್ನು ಇನ್ನಷ್ಟು ತಿರುಗಿಸಿದರೂ ಅದು ಸುರುಳಿಯೇ ಅಲ್ಲವೆ?

ಹಾಗಾದರೆ ತಂತಿಯಲ್ಲಿ ಬರುವ ಸಾದಾ ಸಂಕೇತವನ್ನು ಸುರುಳಿ ಮಾಡುವುದು ಹೇಗೆ? ಉಪಾಯ ಸರಳವಾಗಿದೆ. ಸಂಕೇತವನ್ನು ಎರಡು ಸಮಪಾಲು ಮಾಡಬೇಕು. ಒಂದು ಪಾಲು ನೆಟ್ಟಗಿನ ಕಡ್ಡಿಗೆ, ಇನ್ನೊಂದು ಪಾಲು ಅಡ್ಡ ಕಡ್ಡಿಗೆ. ಎರಡನೆಯದು ಕಾಲು ಅಲೆಯಷ್ಟು ತಡವಾಗಿ ಮುಟ್ಟುವಂತೆ ಅದರ ತಂತಿಯನ್ನು ಉದ್ದ ಮಾಡಬೇಕು. ಮೇಲೆ, ಪಕ್ಕಕ್ಕೆ, ಕೆಳಗೆ, ಮತ್ತೊಂದು ಪಕ್ಕಕ್ಕೆ ಎಂದು ಅಲೆಯ ತುದಿ ತಾನಾಗಿಯೇ ವೃತ್ತ ಬರೆಯುತ್ತದೆ. ರೇಖೀಯ ಆಂಟೆನಾ ಮೊದಲೇ ಇದ್ದರೆ ಅದರ ಮುಂದೆ ಅಂಕುಡೊಂಕು ಲೋಹದ ಗೆರೆಗಳುಳ್ಳ ಹಾಳೆಯನ್ನು 45 ಡಿಗ್ರಿ ಓರೆಯಾಗಿ ಹಿಡಿದರೂ ಸಾಕು. ಗೆರೆಗಳ ಗುಂಟ ಇರುವ ಪಾಲಿಗೂ ಅವುಗಳಿಗೆ ಅಡ್ಡಲಾಗಿರುವ ಪಾಲಿಗೂ ಕಾಲು ಅಲೆಯ ಅಂತರ ಬೀಳುತ್ತದೆ. ರೇಖೆಯಾಗಿ ಒಳಹೊಕ್ಕದ್ದು ಸುರುಳಿಯಾಗಿ ಹೊರಬರುತ್ತದೆ. ಮೂರನೆಯ ದಾರಿ, ತಂತಿಯನ್ನೇ ಸುರುಳಿ ಸುತ್ತುವುದು. ಅಮೆರಿಕದ ಜಾನ್ ಕ್ರೌಸ್ 1946ರಲ್ಲಿ ಇದನ್ನು ಕಂಡುಹಿಡಿದರು. ಒಂದು ಸುತ್ತಿನ ಅಳತೆ ಒಂದು ಅಲೆಯುದ್ದದಷ್ಟಿರಬೇಕು. 860 ಮೆಗಾಹರ್ಟ್ಸ್‌ಗೆ ಸುಮಾರು 11 ಸೆಂಟಿಮೀಟರ್ ಅಡ್ಡಳತೆಯ ಸುರುಳಿ ಸಾಕು. ಅದೊಂದು ಚಿಕ್ಕ ತಂಬಿಗೆಯ ಗಾತ್ರ.

ಈ ವಿದ್ಯೆಗೆ ಕನ್ನಡ ನಾಡಿನ ಕೊಡುಗೆಯೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ಯುವಕ ಕೆಲಸ ಮಾಡುತ್ತಿದ್ದರು. ಬೆಳಕನ್ನು ವೃತ್ತೀಯಗೊಳಿಸುವ ಸ್ಫಟಿಕದ ಬಿಲ್ಲೆ ಒಂದು ಬಣ್ಣಕ್ಕೆ ಸರಿಹೊಂದಿದರೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಒಂದೇ ವಸ್ತುವಿನ ಮೂರು ಬಿಲ್ಲೆಗಳನ್ನು ಬೇರೆ ಬೇರೆ ಕೋನಗಳಲ್ಲಿ ಜೋಡಿಸಿದರೆ ಹಲವು ಬಣ್ಣಗಳಿಗೂ ಒಗ್ಗುತ್ತದೆಂದು ಅವರು 1955ರಲ್ಲಿ ತೋರಿಸಿದರು. ಆಗ ಅವರ ವಯಸ್ಸು 21. ರೇಡಿಯೋ ಅಲೆಯೂ ಬೆಳಕಿನ ಅಣ್ಣತಮ್ಮನೇ ಆದ್ದರಿಂದ ವಿಶಾಲ ವ್ಯಾಪ್ತಿಯ ಆವೃತ್ತಿಗಳಿಗೆ ಇಂಥ ಸಾಧನ ಕಟ್ಟುವವರು ಇಂದಿಗೂ ಅವರ ಉಪಾಯವನ್ನೇ ನೆನೆಯುತ್ತಾರೆ. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡ್‌ಗೆ ಹೋದ ಪಂಚರತ್ನಂ 1969ರಲ್ಲಿ, 35ನೆಯ ವಯಸ್ಸಿಗೇ ತೀರಿಕೊಂಡರು.

ಸುರುಳಿ ಅಲೆ ಇಂದು ಮಹಾಗಾಂವದ ಪ್ರತಿ ಜೇಬಿನಲ್ಲೂ ಇದೆ. ಮೊಬೈಲಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳು ಕಳಿಸುವುದು ಬಲಗೈ ಸುರುಳಿಯನ್ನು. ಗೋಡೆಗೋ ನೀರಿಗೋ ಬಡಿದು ಮರಳುವಾಗ ಬಲಗೈ ಎಡಗೈಯಾಗುತ್ತದೆ. ಆದ್ದರಿಂದ ಬಲಗೈ ಸುರುಳಿಗೆಂದೇ ಮಾಡಿದ ಒಳ್ಳೆಯ ಆಂಟೆನಾ ಪ್ರತಿಫಲಿಸಿ ಬಂದ ಸುಳ್ಳು ಸಂಕೇತವನ್ನು ಬಹುಮಟ್ಟಿಗೆ ದೂರವಿಡುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಿತ್ರಮಂದಿರದಲ್ಲಿ ಕೊಡುವ ವೃತ್ತೀಯ ಬಗೆಯ ತ್ರಿ-ಡಿ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಕನ್ನಡಿ ನೋಡಿರಿ. ತೆರೆದ ಕಣ್ಣಿನ ಗಾಜೇ ಕಪ್ಪಾಗಿ ಕಾಣುತ್ತದೆ! ತನ್ನಿಂದ ಹೊರಟ ಬೆಳಕು ಕೈ ಬದಲಿಸಿ ಬಂದುದರಿಂದ ಆ ಗಾಜು ಅದನ್ನು ಒಳಗೆ ಬಿಡದು.

ಸೈಟ್ ಪ್ರಯೋಗ 1976ರ ಜುಲೈ 31ಕ್ಕೆ ಮುಗಿಯಿತು. ಎರವಲು ತಂದ ಉಪಗ್ರಹ ಮರಳಿ ಹೋಯಿತು. ಜಾಲರಿಯ ಛತ್ರಿಗಳು ಖಾಲಿ ಆಕಾಶವನ್ನು ನೋಡುತ್ತ ನಿಂತವು. ಅಭ್ಯಾಸವಾಗಿದ್ದ ಪೆಟ್ಟಿಗೆ ಒಂದೇ ದಿನಕ್ಕೆ ಮೂಕಾಯಿತು. ಮರುವರ್ಷ, 1977ರಲ್ಲಿ, ಗುಲಬರ್ಗಾದಲ್ಲಿ ನೆಲದ ಮೇಲಿನ ದೂರದರ್ಶನ ಪ್ರಸಾರ ಕೇಂದ್ರ ಬಂತು. ಆದರೆ ಅದರ ಅಲೆ ತಲುಪುವ ದೂರಕ್ಕೆ ಮಿತಿಯಿತ್ತು. ಸ್ವಂತ ಉಪಗ್ರಹ ಏಕೆ ಬೇಕೆಂಬುದನ್ನು ದೇಶಕ್ಕೆ ಮನದಟ್ಟು ಮಾಡಿದ್ದು ಈ ಒಂದು ವರ್ಷ. 1980ರ ದಶಕದ ಇನ್ಸಾಟ್ ಸರಣಿಗೆ ಅದೇ ಬುನಾದಿ. ಅದರ ಉಪಗ್ರಹಗಳ ನಿಯಂತ್ರಣ ಕೇಂದ್ರ ನೆಲೆಸಿದ್ದೂ ನಮ್ಮ ಹಾಸನದಲ್ಲೇ.

ನಂಜುಂಡಪ್ಪ ಸಮಿತಿಯ ವರದಿಯಿಂದ ಹಿಡಿದು ಎಲ್ಲ ವರದಿಗಳಲ್ಲೂ ಹಿಂದುಳಿದದ್ದೆಂದು ಹೆಸರು ಪಡೆದ ಸೀಮೆ ಇದು. ವಿಜ್ಞಾನವೆಂದರೆ ಬೆಂಗಳೂರಿನದು, ನಮ್ಮ ಮಕ್ಕಳಿಗೆ ದೂರದ್ದು ಎಂಬ ಮಾತು ಇಲ್ಲಿನ ಮನೆಗಳಲ್ಲಿ ಕೇಳಿಬರುತ್ತದೆ. ಆದರೆ ಜಗತ್ತಿನ ದೊಡ್ಡ ಪ್ರಯೋಗವೊಂದು ಮೊದಲು ಇಳಿದುಬಂದದ್ದು ಇದೇ ತೊಗರಿಯ ನೆಲಕ್ಕೆ, ಕೋಳಿಯ ಜಾಲರಿಯ ಮೇಲೆ. ಪಿ.ಯು. ಭೌತಶಾಸ್ತ್ರದಲ್ಲಿ ಧ್ರುವೀಕರಣದ ಪಾಠ ಬಂದಾಗ ಮಕ್ಕಳು ಪುಸ್ತಕದೊಡನೆ ಮಾಳಿಗೆಯನ್ನೂ ಹತ್ತಲಿ. ಛತ್ರಿಯ ದಿಕ್ಕು, ಎತ್ತರ, ಗುಂಡಿಯ ಓರೆ ಇವನ್ನು ಅಳೆಯಲು ಬೇಕಾದುದು ಒಂದು ಕೋನಮಾಪಕ, ಒಂದು ದಿಕ್ಸೂಚಿ. ತಂದೆತಾಯಿ ಜೊತೆಗೆ ನಿಂತು ಏಣಿ ಹಿಡಿದರೆ ಸಾಕು.