ಮುಂದಿನ ಚಕ್ರ

ಭಾನುವಾರ ಬೆಳಗ್ಗೆ ಐದೂಕಾಲು. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಬ್ಯಾಗು, ಅದರಲ್ಲಿ ನೀರಿನ ಬಾಟಲಿ, ಎರಡು ಬಾಳೆಹಣ್ಣು. ನಂದಿಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗ್ತೀನಿ ಅಂತ ಮೂರು ವಾರದಿಂದ ಬರೀ ಹೇಳಿಕೊಂಡು ಓಡಾಡುತ್ತಿದ್ದವನು ಅವತ್ತು ಎದ್ದೇಬಿಟ್ಟಿದ್ದೆ. ಬೇಸ್‌ಮೆಂಟಿಗೆ ಇಳಿದು ನೋಡಿದರೆ ನೀರಿನ ಪೈಪಿಗೆ ಬೀಗ ಇದೆ. ಬೀಗದಲ್ಲಿ ಚಕ್ರ ಇದೆ. ಸೈಕಲ್ ಇಲ್ಲ.

ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೀತು. ನನ್ನ ಸೈಕಲ್ಲಿನ ಮುಂದಿನ ಚಕ್ರ ಕ್ವಿಕ್ ರಿಲೀಸ್‌ದು. ಸಣ್ಣದೊಂದು ಹಿಡಿಯನ್ನು ಎತ್ತಿ ಸಡಿಲಿಸಿದರೆ ಸಾಕು, ಚಕ್ರ ಕಳಚಿ ಕೈಗೆ ಬರುತ್ತೆ. ಸ್ಪ್ಯಾನರ್ರೂ ಬೇಡ. ಕೊಳ್ಳುವಾಗ ಅಂಗಡಿಯವನು ಅದನ್ನೇ ದೊಡ್ಡ ಸೌಲಭ್ಯ ಅಂತ ಎರಡು ಸಲ ಬಿಚ್ಚಿ ಹಾಕಿ ತೋರಿಸಿದ್ದ. ನಾನು ದಿನಾ ಬೀಗ ಹಾಕುತ್ತಿದ್ದದ್ದು ಅದೇ ಚಕ್ರಕ್ಕೆ.

ಸೈಕಲ್ಲಿನ ಬೆಲೆ 32 ಸಾವಿರ ರೂಪಾಯಿ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಕೇಳದೇ ಇದ್ದವರಿಗೂ ನಾನೇ ಹೇಳಿದ್ದೆ. ಗೊತ್ತಿಲ್ಲದೇ ಇದ್ದದ್ದು ಊರಲ್ಲಿರುವ ಅಪ್ಪನಿಗೆ ಮಾತ್ರ. ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು. ತಿಪಟೂರು ಸುತ್ತಿನ ಹಳ್ಳಿಗಳಿಗೆ 28 ವರ್ಷ ಒಂದೇ ಅಟ್ಲಾಸ್ ಸೈಕಲ್ಲಿನಲ್ಲಿ ಟಪಾಲು ಹಂಚಿದರು. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ನಿಂತುಹೋದ ಸುದ್ದಿ ಓದಿ ಹೇಳಿದಾಗ, "ನಂದಿನ್ನೂ ಓಡ್ತಿದೆಯಲ್ಲೋ" ಅಂದಿದ್ದರು. ಅಂಥವರಿಗೆ ಒಂದು ಸೈಕಲ್ಲಿಗೆ ಇಷ್ಟು ದುಡ್ಡು ಕೊಟ್ಟೆ ಅಂತ ಹೇಗೆ ಹೇಳೋದು? "ಆರು ಸಾವಿರ ಅಪ್ಪಾ" ಅಂದುಬಿಟ್ಟಿದ್ದೆ. ಅದಕ್ಕೇ "ಜಾಸ್ತಿ ಆಯ್ತು" ಅಂದಿದ್ದರು.

ಗೇಟಿನಲ್ಲಿದ್ದ ವಾಚ್‌ಮನ್ ರಾಯಚೂರು ಕಡೆಯವರು, ಐವತ್ತು ದಾಟಿದ ವಯಸ್ಸು. "ನಾ ನೋಡಿಲ್ರೀ ಸರ. ರಾತ್ರಿ ಎರಡು ಸಲ ರೌಂಡ್ ಹೊಡದೀನ್ರೀ" ಅಂದರು. ಅಷ್ಟರಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಇಳಿದು ಬಂದರು. ಬೆಲೆ ಕೇಳಿದರು. ಹೇಳಿದೆ. ವಾಚ್‌ಮನ್ ನನ್ನ ಮುಖ ನೋಡಿದರು. ಅದು ಅವರ ಎರಡೂವರೆ ತಿಂಗಳ ಸಂಬಳ.

"ಒಂದು ಚಕ್ರ ಇಲ್ಲದ ಸೈಕಲ್ ಹೊತ್ಕೊಂಡು ಗೇಟ್ ದಾಟಿದ್ದಾರೆ ಅಂದ್ರೆ ಇವ್ರು ಮಲಗಿದ್ರು ಅಂತಾನೇ ಅರ್ಥ. ತಿಂಗಳಿಗೆ ಎರಡು ಸಾವಿರ ಅಂತ ಸಂಬಳದಲ್ಲಿ ಹಿಡಿಯೋಣ ಬಿಡಿ" ಅಂದರು ಸೆಕ್ರೆಟರಿ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ಒಂಥರಾ ಸಮಾಧಾನವೇ ಆಯ್ತು. ತಪ್ಪು ಬೇರೆಯವರ ಲೆಕ್ಕಕ್ಕೆ ಹೋಯ್ತಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ಬಿಲ್ಲು ಕೇಳಿದರು, ಫ್ರೇಮ್ ನಂಬರ್ ಕೇಳಿದರು. ಬಿಲ್ಲು ಮೇಲ್‌ನಲ್ಲಿತ್ತು. ನಂಬರ್ ಎಲ್ಲಿ ಇರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಪೆಡಲ್‌ಗಳ ನಡುವೆ, ಫ್ರೇಮಿನ ಅಡಿಯಲ್ಲಿ ಕೊರೆದಿರುತ್ತಾರೆ, ಸೈಕಲ್ಲನ್ನು ತಲೆಕೆಳಗು ಮಾಡಿದರೆ ಕಾಣುತ್ತೆ. ನನ್ನ ಫೋನಿನಲ್ಲಿ ಆ ಸೈಕಲ್ಲಿನ ನೂರಾರು ಫೋಟೊ ಇದ್ದವು, ಕಬ್ಬನ್ ಪಾರ್ಕಿನ ಬಿದಿರಿನ ಪಕ್ಕ, ಕೆರೆ ಏರಿಯ ಮೇಲೆ, ಸೂರ್ಯ ಹುಟ್ಟುವಾಗ. ಅದರ ಅಡಿಭಾಗ ಮಾತ್ರ ಒಂದರಲ್ಲೂ ಇರಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಸೈಕಲ್ ಕಳುವಾಯ್ತು ಅಂದೆ.

"ಹೋಗ್ಲಿ ಬಿಡು ಮಗ, ಆರು ಸಾವಿರ ತಾನೆ? ಪೆನ್ಷನ್ ಬಂದಿದೆ, ನಾನೇ ಕಳಿಸ್ತೀನಿ. ಬೇರೆ ತಗೋ."

ಇನ್ನು ತಡೆದುಕೊಳ್ಳಲು ಆಗಲಿಲ್ಲ. ಬೆಲೆ, ಚಕ್ರ, ವಾಚ್‌ಮನ್ ಸಂಬಳ, ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ಸದ್ದಿಲ್ಲ. ಈಗ ಬೈತಾರೆ ಅಂದುಕೊಂಡೆ.

"ಬೀಗ ಎಷ್ಟರದ್ದು?"

"ಇನ್ನೂರೈವತ್ತು."

"ಮೂವತ್ತೆರಡು ಸಾವಿರದ ಸೈಕಲ್ಲಿಗೆ ಇನ್ನೂರೈವತ್ತರ ಬೀಗ. ಅದೂ ಬರೀ ಚಕ್ರಕ್ಕೆ. ಇದಕ್ಕೆ ಆ ಯಜಮಾನ್ರು ಯಾಕೋ ದುಡ್ಡು ಕಟ್ಟಬೇಕು?"

ಸುಳ್ಳು ಹೇಳಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟ ಮಾಡು ಅಂತ ಹೇಳಿ ಫೋನಿಟ್ಟರು.

ರಾತ್ರಿಯೇ ಹೋಗಿ ಸೆಕ್ರೆಟರಿ ಮನೆ ಬೆಲ್ ಒತ್ತಿದೆ. ಸಂಬಳ ಹಿಡಿಯೋದು ಬೇಡ, ಬೀಗ ಸರಿಯಾಗಿ ಹಾಕದೇ ಇದ್ದದ್ದು ನಾನು ಅಂದೆ. "ನಿಮ್ಮಿಷ್ಟ" ಅಂದರು. ಗೇಟಿಗೆ ಬಂದು, "ಅಣ್ಣಾ, ತಪ್ಪು ನಂದೇ. ಬೆಳಗ್ಗೆನೇ ಹೇಳ್ಬೇಕಿತ್ತು" ಅಂದೆ. ವಾಚ್‌ಮನ್ ತಲೆಯಾಡಿಸಿದರು, ಅಷ್ಟೇ. ಬೆಳಗ್ಗೆ ನಾನು ಸುಮ್ಮನೆ ನಿಂತಿದ್ದನ್ನು ಅವರು ನೋಡಿದ್ದರು. ಅದನ್ನು ಈ ಒಂದು ಮಾತಿನಿಂದ ಅಳಿಸೋಕೆ ಆಗಲ್ಲ ಅಂತ ನನಗೂ ಗೊತ್ತಿತ್ತು.

ಸೈಕಲ್ ಇವತ್ತಿಗೂ ಸಿಕ್ಕಿಲ್ಲ. ಒಂದು ತಿಂಗಳಾದ ಮೇಲೆ, ಮನೆಯಲ್ಲಿ ಅದನ್ನು ನೋಡೋದೇ ಬೇಡ ಅನ್ನಿಸಿ ಚಕ್ರವನ್ನು ಗುಜರಿಗೆ ಹಾಕಲು ಹೊರಟಿದ್ದೆ. ಗೇಟಿನಲ್ಲಿ ವಾಚ್‌ಮನ್ ತಡೆದರು.

"ಒಗೀಬ್ಯಾಡ್ರೀ ಸರ. ನಾಳೆ ಸೈಕಲ್ ಸಿಕ್ಕರ ಮುಂದಿನ ಗಾಲಿ ಬೇಕಾಗ್ತದಲ್ರೀ?"

ವಾಪಸ್ ತಂದೆ. ಚಕ್ರ ಈಗ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸೋ ಸ್ಟ್ಯಾಂಡಿನ ಪಕ್ಕದಲ್ಲಿದೆ.