ಅತಿಭಾರ ಮತ್ತು ಒಂದಡಿ ಜಾಗ

ಸಿದ್ಧವಾಗಿರುವ ವಸ್ತುವನ್ನು ಕೊಂಡಾಗ ಅದರ ಗುಣದೋಷಗಳನ್ನು ತಯಾರಕನ ಮೇಲೆ ಹೊರಿಸಬಹುದು. ಹೇಳಿ ಮಾಡಿಸಿಕೊಂಡ ವಸ್ತುವಿನ ವಿಷಯದಲ್ಲಿ ಆ ಅನುಕೂಲವಿಲ್ಲ. ಅದರಲ್ಲಿ ಏನಿದೆಯೋ, ಏನಿಲ್ಲವೋ, ಎರಡಕ್ಕೂ ಮಾಡಿಸಿದವನೇ ಹೊಣೆಗಾರನಾಗುತ್ತಾನೆ. ಹುಮನಾಬಾದಿನ ಬೇಳೆ ವರ್ತಕರೊಬ್ಬರು 2019ರ ಚಳಿಗಾಲದಲ್ಲಿ ಬಸವಕಲ್ಯಾಣದಲ್ಲಿ ಲಾರಿಯೊಂದಕ್ಕೆ ಬಾಡಿ ಕಟ್ಟಿಸಿದರು. ವ್ಯವಹಾರದ ದೃಷ್ಟಿಯಿಂದ ಅದು ತೀರ ಸಾಮಾನ್ಯವಾದ ಸಂಗತಿ. ಆದರೆ ಆ ಕೆಲಸದಲ್ಲಿ ಅವರು ಎದುರಿಸಿದ ಒಂದೊಂದು ಆಯ್ಕೆಯೂ ಗೃಹಸ್ಥಧರ್ಮದ ಪ್ರಶ್ನೆಯಾಗಿ ನಿಂತದ್ದು ವಿಚಾರಕ್ಕೆ ಯೋಗ್ಯವಾಗಿದೆ.

ಹುಮನಾಬಾದು ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು. ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಲೀಪಟ್ಟಣಕ್ಕೆ ಹೋಗುವ 65ನೆಯ ಹೆದ್ದಾರಿಯೂ, ನಾಂದೇಡದಿಂದ ಬೀದರ, ಕಲಬುರಗಿ, ವಿಜಯಪುರಗಳ ಮೂಲಕ ಚಿತ್ರದುರ್ಗಕ್ಕೆ ಹೋಗುವ 50ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ತೆರೆದ ಮೇಲೂ ಇಲ್ಲಿಯ ತೊಗರಿ, ಉದ್ದು, ಹೆಸರು ಊರಿಂದೂರಿಗೆ ಲಾರಿಯಲ್ಲಿ ಸಾಗುವ ವಾಡಿಕೆ ತಪ್ಪಿಲ್ಲ. ಅದೇ 65ನೆಯ ಹೆದ್ದಾರಿಯಲ್ಲಿ ಸೊಲ್ಲಾಪುರದ ಕಡೆಗೆ ಹೊರಟರೆ ಸಸ್ತಾಪುರ ಬಂಗ್ಲಾ ಬರುತ್ತದೆ. ಅಲ್ಲಿಂದ ಒಳಕ್ಕೆ ತಿರುಗಿದರೆ ಬಸವಕಲ್ಯಾಣ. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದು, ಮುಂದೆ ಶರಣರ ಕಾಯಕಭೂಮಿಯಾದ ಆ ಪಟ್ಟಣ ಇಂದು ಲಾರಿಗಳ ಊರೆಂದೂ ಹೆಸರಾಗಿದೆ. ಅಲ್ಲಿಯ ಆಟೋನಗರದಲ್ಲಿ ಬಡಗಿಗಳು, ವೆಲ್ಡಿಂಗ್ ಕೆಲಸದವರು, ಬಣ್ಣ ಬಳಿಯುವವರು ಒಟ್ಟಾಗಿ ದುಡಿದು ಬರಿಯ ಚಾಸಿಯೊಂದನ್ನು ಪೂರ್ಣ ವಾಹನವನ್ನಾಗಿ ಮಾಡಿ ಕೊಡುತ್ತಾರೆ.

ಚಾಸಿ ಎಂದರೆ ಎಂಜಿನು, ಚಕ್ರ, ಸ್ಟಿಯರಿಂಗ್ ಇಷ್ಟೇ ಇರುವ ಅಸ್ಥಿಪಂಜರ. ಚಾಲಕನು ಕೂಡುವ ಕ್ಯಾಬಿನ್, ಸರಕು ತುಂಬುವ ತೊಟ್ಟಿ, ಹಲಗೆಗಳ ಎತ್ತರ, ಪೆಟ್ಟಿಗೆ, ದೀಪ, ಬಣ್ಣ ಇವೆಲ್ಲವನ್ನೂ ಮಾಲೀಕನೇ ಹೇಳಿ ಮಾಡಿಸಬೇಕು. ಅಮೇರಿಕದಂತಹ ದೇಶಗಳಲ್ಲಿ ಪ್ರವಾಸಪ್ರಿಯರು ಚಿಕ್ಕ ಟ್ರಕ್ಕಿನ ಬೆನ್ನ ಮೇಲೆ, ಚಾವಣಿಯನ್ನು ಬೇಕಾದಾಗ ಮೇಲಕ್ಕೆತ್ತಿ ಬೇಡವಾದಾಗ ಮಡಚಿಡುವ ಪುಟ್ಟ ಮನೆಗಳನ್ನು ಹೀಗೆಯೇ ಹೇಳಿ ಮಾಡಿಸುತ್ತಾರೆ. ಹಾಸಿಗೆ ಎಷ್ಟು ಅಗಲವಿರಬೇಕು, ನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು, ಒಲೆ ಒಳಗೋ ಹೊರಗೋ ಎಂದು ಅವರೂ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಸೇರಿಸಿದ ಪ್ರತಿಯೊಂದು ಅನುಕೂಲವೂ ತೂಕವಾಗಿ ಚಕ್ರದ ಮೇಲೆ ಬೀಳುತ್ತದೆಂಬ ಎಚ್ಚರ ಅವರಿಗೂ ಬೇಕು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಆಯ್ಕೆ ಮಾಡುವವನೇ ಅದರಲ್ಲಿ ಮಲಗುವವನು. ಇಲ್ಲಿ ಆಯ್ಕೆ ಮಾಡುವವನು ಹುಮನಾಬಾದಿನ ಮನೆಯಲ್ಲಿ ಮಲಗುತ್ತಾನೆ. ಲಾರಿಯಲ್ಲಿ ಮಲಗುವವನು ಬೇರೆ.

ಈ ವರ್ತಕರಿಗೆ ಆ ವ್ಯತ್ಯಾಸ ಅನುಭವದಿಂದಲೇ ತಿಳಿದಿತ್ತು. ಅವರ ಹಳೆಯ ಲಾರಿಯನ್ನು ಹದಿನಾರು ವರ್ಷ ಓಡಿಸಿದ ಚಾಲಕನು 2018ರಲ್ಲಿ ಒಂದು ರಾತ್ರಿ ಸೊಲ್ಲಾಪುರದಿಂದ ಮರಳುವಾಗ ಸ್ಟಿಯರಿಂಗಿನ ಮೇಲೆಯೇ ಕಣ್ಣು ಮುಚ್ಚಿದ್ದ. ಲಾರಿ ಸೇತುವೆಯ ಕಟ್ಟೆಗೆ ಬಡಿದು ನಿಂತಿತು. ಬೇರೆ ಯಾರಿಗೂ ಅಪಾಯವಾಗಲಿಲ್ಲ. ಆತನ ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಆಸ್ಪತ್ರೆಯ ಖರ್ಚನ್ನು ವರ್ತಕರು ಪೂರ್ಣವಾಗಿ ಕೊಟ್ಟರು. ವಿಮೆಯ ಹಣವೂ ಬಂತು. ಆದರೆ ಹಿಂದಿನ ಎರಡು ರಾತ್ರಿ ಆತ ಎಲ್ಲಿ ಮಲಗಿದ್ದನೆಂದು ವಿಚಾರಿಸಿದಾಗ ದೊರೆತ ಉತ್ತರ ಅವರ ಮನಸ್ಸಿನಿಂದ ಮಾಸಲಿಲ್ಲ. ಒಂದು ರಾತ್ರಿ ಮೂಟೆಗಳ ಮೇಲೆ, ಇನ್ನೊಂದು ರಾತ್ರಿ ಮಳೆ ಬಂದದ್ದರಿಂದ ಸೀಟಿನಲ್ಲಿ ಕುಳಿತೇ. ಹಳೆಯ ಲಾರಿಯಲ್ಲಿ ಮಲಗುವ ಜಾಗವೇ ಇರಲಿಲ್ಲ. ಅದರ ಬಾಡಿಯನ್ನೂ ಕಟ್ಟಿಸಿದವರು ಅವರೇ.

ಹೊಸ ಚಾಸಿ ಬಂದಾಗ ಅದನ್ನು ಓಡಿಸಲು ಆ ಚಾಲಕನ ತಮ್ಮನೇ ಒಪ್ಪಿದ. ವರ್ತಕರು ಅಣ್ಣತಮ್ಮಂದಿರಿಬ್ಬರನ್ನೂ ಕರೆದುಕೊಂಡು ಬಸವಕಲ್ಯಾಣಕ್ಕೆ ಹೋದರು. ವಯಸ್ಸಾದ ಮಿಸ್ತ್ರಿಯವರು ಚಹಾ ತರಿಸಿ, ಬಣ್ಣದ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯುತ್ತ ಕೇಳತೊಡಗಿದರು.

"ಶೇಠ್‌ಜಿ, ಪಕ್ಕದ ಹಲಗಿ ಐದು ಫೂಟ ಮಾಡ್ಲೇನ್ರಿ, ಆರು ಮಾಡ್ಲೇನ್ರಿ? ಭಾಳ ಮಂದಿ ಆರು ಮಾಡಸ್ತಾರ್ರಿ."

ಮೊದಲನೆಯ ಆಯ್ಕೆಯಲ್ಲಿಯೇ ಲೋಭಕ್ಕೆ ಬಾಗಿಲು ತೆರೆದಿತ್ತು. 2018ರ ಜುಲೈಯಲ್ಲಿ ಕೇಂದ್ರ ಸರಕಾರವು ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತ್ತು. ಬಾಡಿಸಹಿತ ಖಾಲಿ ಲಾರಿ 6,500 ಕಿಲೋ ತೂಗುವುದೆಂದು ಹಿಡಿದರೆ ಹೇರಬಹುದಾದ ಸರಕು 12,000 ಕಿಲೋ, ಅಂದರೆ 50 ಕಿಲೋ ತೂಕದ 240 ಚೀಲ. ಬಾಡಿಯಲ್ಲಿ 300 ಕಿಲೋ ಅನಾವಶ್ಯಕ ಕಬ್ಬಿಣ ಸೇರಿದರೆ 6 ಚೀಲ ಕಡಿಮೆ. ಈ ಲೆಕ್ಕದಿಂದ ನೆಲಕ್ಕೆ ದಪ್ಪ ಕಬ್ಬಿಣದ ತಗಡನ್ನು ಬಿಟ್ಟು ಮರದ ಹಲಗೆಯನ್ನು ಆರಿಸಲಾಯಿತು. ಒಡೆದರೆ ಒಂದೇ ಹಲಗೆಯನ್ನು ಬದಲಿಸಬಹುದೆಂಬ ಅನುಕೂಲವೂ ಅದರಲ್ಲಿತ್ತು. ಕ್ಯಾಬಿನ್ನಿನ ನೆತ್ತಿಯ ಮೇಲಿನ ಅಲಂಕಾರದ ಚೌಕಟ್ಟು, ಹೊಳೆಯುವ ಪಟ್ಟಿಗಳು, ಹಲವು ಸ್ವರ ಹೊರಡಿಸುವ ಹಾರ್ನು ಇವನ್ನೂ ಬಿಟ್ಟರು. ಅಂತಹ ಹಾರ್ನು ನಿಯಮಕ್ಕೆ ವಿರುದ್ಧವೂ ಹೌದು. ಹಲಗೆ ಐದೇ ಅಡಿ ಸಾಕೆಂದರು.

ಅನಂತರ ಕ್ಯಾಬಿನ್ನಿನ ಮಾತು ಬಂತು. ಸೀಟಿನ ಹಿಂದೆ ಒಬ್ಬ ಮನುಷ್ಯನು ಕಾಲು ಚಾಚಿ ಮಲಗುವಂತಹ ಹಲಗೆ ಕೂಡಿಸಬೇಕಾದರೆ ಕ್ಯಾಬಿನ್ನನ್ನು ಒಂದು ಅಡಿ ಹಿಂದಕ್ಕೆ ಬೆಳೆಸಬೇಕು; 22 ಅಡಿಯ ತೊಟ್ಟಿ 21 ಅಡಿಗೆ ಇಳಿಯುತ್ತದೆ. ಇಷ್ಟು ಹೊತ್ತು ಸಲೀಸಾಗಿ ನಿರ್ಧರಿಸುತ್ತ ಬಂದ ವರ್ತಕರು ಇಲ್ಲಿ ತಡೆದರು. ಒಂದು ಅಡಿ ಎಂದರೆ ಎಷ್ಟು ಚೀಲವೆಂದು ಅವರ ಬುದ್ಧಿ ಲೆಕ್ಕ ಹಾಕತೊಡಗಿತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಮಾಡಿಕೊಂಡ ಸಂಕಲ್ಪ, ಸೀಮೆಸುಣ್ಣದ ಒಂದು ಗೆರೆಯ ಮುಂದೆ ಸಡಿಲಾಯಿತು.

"ಒಂದು ಫೂಟ ಹೋದ್ರ ಎಷ್ಟು ಚೀಲ ಹೋಗ್ತಾವ ಮಿಸ್ತ್ರಿ?" ಎಂದು ಅವರು ಕೇಳಿಯೂಬಿಟ್ಟರು.

ಮಿಸ್ತ್ರಿ ತಲೆ ಎತ್ತದೆಯೇ ಹೇಳಿದರು: "ಹನ್ನೆರಡು ಟನ್ನೇ ತುಂಬ್ತೀರಿ ಅಂದ್ರ ಒಂದೂ ಹೋಗಂಗಿಲ್ರಿ ಶೇಠ್‌ಜಿ. ಹದಿನಾರು ತುಂಬ್ತೀರಿ ಅಂದ್ರ ಲೆಕ್ಕ ಬ್ಯಾರೆ."

ಆ ಮಾತು ಅಕ್ಷರಶಃ ಸತ್ಯವಾಗಿತ್ತು. ಬೇಳೆ ಭಾರವಾದ ಸರಕು. ಹತ್ತಿಯಂತೆ ಜಾಗ ತಿನ್ನುವುದಿಲ್ಲ. ಏಳು ಅಡಿ ಅಗಲ, 22 ಅಡಿ ಉದ್ದದ ತೊಟ್ಟಿಯಲ್ಲಿ ಹನ್ನೆರಡು ಟನ್ ಬೇಳೆಯ ಮೂಟೆಗಳನ್ನು ಜೋಡಿಸಿದರೆ ಅವು ನಾಲ್ಕು ಅಡಿಯ ಸುಮಾರಿಗೆ ನಿಲ್ಲುತ್ತವೆ. ತೊಟ್ಟಿಯನ್ನು ಒಂದು ಅಡಿ ಕುಗ್ಗಿಸಿದರೆ ರಾಶಿ ಏರುವುದು ಎರಡು ಅಂಗುಲ ಮಾತ್ರ. ಐದು ಅಡಿಯ ಹಲಗೆಯೊಳಗೆ ಅದು ಧಾರಾಳವಾಗಿ ಹಿಡಿಯುತ್ತದೆ. ಹಾಗಾದರೆ ಚಾಲಕನ ಹಾಸಿಗೆ ವರ್ತಕರಿಂದ ಕಸಿದುಕೊಳ್ಳುವುದೇನು? ನ್ಯಾಯವಾದ ಹೊರೆಯಲ್ಲಿ ಒಂದು ಹಿಡಿಯನ್ನೂ ಅಲ್ಲ. ಮಿತಿಮೀರಿ ಹೇರಬಹುದಾಗಿದ್ದ ಹೊರೆಯನ್ನು ಮಾತ್ರ. ತಾವು ಎಂದೂ ಹೇರುವುದಿಲ್ಲವೆಂದು ಹೇಳಿಕೊಳ್ಳುತ್ತಿದ್ದ ಹೊರೆಗಾಗಿಯೇ ಅವರ ಮನಸ್ಸು ಆ ಒಂದಡಿಗೆ ಹಿಂಜರಿದಿತ್ತು. ಕೈ ಪಾಪ ಮಾಡುವ ಮುನ್ನ ಮನಸ್ಸು ಅದಕ್ಕೆ ಜಾಗ ಕಾದಿರಿಸುತ್ತದೆಂಬುದು ಅವರಿಗೆ ಅಂದು ಅರಿವಾಯಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಭಂಗ ಮಾಡುವುದು, ಅತಿಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತಿನ ಬಂಡಿಯ ಕಾಲದ ಶ್ರಾವಕನಿಗೆ ನಾಲ್ಕನೆಯದು ಕಣ್ಣೆದುರಿಗೆ ಇತ್ತು. ಹೊರೆ ಹೆಚ್ಚಾದರೆ ಎತ್ತು ನಿಲ್ಲುತ್ತಿತ್ತು, ಮೊಣಕಾಲೂರುತ್ತಿತ್ತು. ಲಾರಿ ನರಳುವುದಿಲ್ಲ. ಆದುದರಿಂದ ಅದರ ವಿಷಯದಲ್ಲಿ ಅತಿಭಾರವೆಂಬುದು ದಂಡದ ಪ್ರಶ್ನೆಯಾಗಿ ಉಳಿದಿದೆ. 2019ರ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಲ್ಲಿ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಆದರೆ ಆ ಭಾರದ ಕೆಳಗೆ ಒಂದು ಜೀವ ಇಂದಿಗೂ ಇದೆ. ಬ್ರೇಕು ಹಿಡಿಯಲು ತಡವಾದಾಗ, ಟೈರು ಸಿಡಿದಾಗ, ಎದುರು ಬಂದ ದ್ವಿಚಕ್ರದವನ ಮೇಲೆ ವಾಹನ ವಾಲಿದಾಗ ಆ ಭಾರ ಮನುಷ್ಯರ ಮೇಲೆಯೇ ಬೀಳುತ್ತದೆ.

ಇನ್ನೊಂದು ಹೋಲಿಕೆಯೂ ಇಲ್ಲಿ ಪ್ರಸ್ತುತ. ಭಾರ ಎಳೆಯುವ ಪಶುಗಳ ಹಿಂಸೆಯನ್ನು ತಡೆಯಲು 1965ರಲ್ಲಿ ರಚಿತವಾದ ನಿಯಮಗಳು, ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎನ್ನುತ್ತವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನಿಗೂ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆಯ ಅನಂತರ ಅರ್ಧ ಗಂಟೆ ವಿಶ್ರಾಂತಿ ಎಂದು ವಿಧಿಸಿತ್ತು. ಬಾಡಿ ಕಟ್ಟಿಸುವ ಮಾಲೀಕನು ಈ ಎರಡನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎತ್ತಿಗೆ ಮರದ ನೆರಳಾದರೂ ಸಿಗುತ್ತಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಎಂಜಿನಿನ ಪಕ್ಕ ಕುಳಿತವನಿಗೆ ಮಾಲೀಕನು ಏನನ್ನು ಕಟ್ಟಿಸಿ ಕೊಟ್ಟಿರುವನೋ ಅದೇ ನೆರಳು.

ವರ್ತಕರು ಆಮೇಲೆ ಬೇರೆ ಮಾತಾಡಲಿಲ್ಲ. ಆಯ್ಕೆಗಳ ಚೀಟಿಯನ್ನು ಕುಂಟುಗಾಲಿನ ಅಣ್ಣನ ಕೈಗೆ ಕೊಟ್ಟು, "ಉಳಿದದ್ದು ನೀನ ಹೇಳಪ್ಪಾ" ಎಂದರು. ಆತ ಬಹಳ ಹೊತ್ತು ಸಂಕೋಚಪಟ್ಟು ಹೇಳಿದ್ದು ಹೆಚ್ಚೇನೂ ಅಲ್ಲ. "ಸಾವ್ಕಾರ್ರೆ, ಬೆನ್ನು ನೆಟ್ಟಗ ಮಾಡಾಕ ಜಾಗಾ ಇರಬೇಕ್ರಿ. ಎರಡೂ ಕಡಿ ಗಾಳಿ ಬರಬೇಕ್ರಿ. ಸೊಳ್ಳಿ ಬರಬಾರ್ದು. ಇಷ್ಟಾದ್ರ ಸಾಕ್ರಿ."

ಆತ ಹೇಳಿದಂತೆ ಹಲಗೆಯ ಎರಡೂ ತುದಿಗೆ ಜಾಳಿಗೆ ಬಡಿದ ಕಿಟಕಿಗಳನ್ನು ಇಡಿಸಲಾಯಿತು. ಹಗಲಿನಲ್ಲಿ ಹಲಗೆಯ ಅರ್ಧ ಭಾಗವನ್ನು ಮಡಚಿ ಬೆನ್ನಿಗೆ ಆಸರೆಯಾಗುವಂತೆ ಮಾಡಲಾಯಿತು. ನೀರಿನ ಡಬ್ಬಿಗೂ ಅಡುಗೆಯ ಸಾಮಾನಿಗೂ ತೊಟ್ಟಿಯ ಕೆಳಗೆ ಹೊರಮಗ್ಗುಲಲ್ಲಿ ಬೀಗವುಳ್ಳ ಪೆಟ್ಟಿಗೆ. ಒಲೆ ಕ್ಯಾಬಿನ್ನಿನ ಒಳಗೆ ಕೂಡದೆಂದು ಮಿಸ್ತ್ರಿಯವರೇ ಎಚ್ಚರಿಸಿದರು. ಬೀದರ ಸೀಮೆಯ ಚಳಿಯಲ್ಲಿ ಬಾಗಿಲು ಮುಚ್ಚಿಕೊಂಡು ಒಲೆಯನ್ನೋ ಇದ್ದಿಲನ್ನೋ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ, ವಾಸನೆಯೂ ಗೊತ್ತಾಗದೆ, ಮಲಗಿದವನು ಏಳುವುದಿಲ್ಲ. ಅಲಂಕಾರದಿಂದ ಉಳಿದ ಹಣದಲ್ಲಿ ಹಿಂಬದಿಗೆ ಒಳ್ಳೆಯ ದರ್ಜೆಯ ಪ್ರತಿಫಲಕ ಪಟ್ಟಿಗಳನ್ನೂ, ಸಣ್ಣ ವಾಹನ ಕೆಳಗೆ ನುಗ್ಗದಂತೆ ತಡೆಯುವ ಗಟ್ಟಿಯಾದ ಅಡ್ಡಪಟ್ಟಿಯನ್ನೂ ಹಾಕಿಸಿದರು. ಇವೆರಡೂ ನಿಯಮದಂತೆ ಕಡ್ಡಾಯವೇ. ಕೆಟ್ಟು ನಿಂತ ಲಾರಿಗೆ ಕತ್ತಲೆಯಲ್ಲಿ ಬಂದು ಬಡಿಯುವ ಅಪರಿಚಿತನ ಜೀವ ಕಾಯುವವೂ ಇವೇ.

ಬಾಡಿ ಸಿದ್ಧವಾದ ದಿನ ವರ್ತಕರು ಬಣ್ಣದ ಕಡೆಗೆ ನೋಡಲಿಲ್ಲ. ಚಪ್ಪಲಿ ಬಿಟ್ಟು ಕ್ಯಾಬಿನ್ನಿಗೆ ಹತ್ತಿ, ಎಂಜಿನು ಚಾಲೂ ಇರಿಸಲು ಹೇಳಿ, ಆ ಹಲಗೆಯ ಮೇಲೆ ಕಾಲು ಗಂಟೆ ಮಲಗಿದರು. ಅರವತ್ತು ದಾಟಿದ ಸಾಹುಕಾರರು ಹಾಗೆ ಮಲಗಿದ್ದನ್ನು ಕಂಡು ಕೆಲಸದ ಹುಡುಗರು ನಕ್ಕರು. ಕೆಳಗಿನಿಂದ ಕಾವು ಬರುತ್ತಿದೆಯೆಂದು ಇಳಿದು ಬಂದು ಹೇಳಿ, ಹಲಗೆಯ ಅಡಿಗೆ ಶಾಖ ತಡೆಯುವ ಹಾಳೆಯನ್ನು ಹಾಕಿಸಿದರು. ಚೀಟಿಯಲ್ಲಿ ಇರದಿದ್ದ ಆಯ್ಕೆ ಅದೊಂದೇ. ಮಲಗಿ ನೋಡದೆ ಅದು ಹೊಳೆಯುವಂತೆಯೂ ಇರಲಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಸರಕಾರ ವಿಧಿಸಿದೆ. ಅದು ಸ್ವಾಗತಾರ್ಹ. ಆದರೆ ಕಾನೂನು ತಂಪುಗಾಳಿಯನ್ನು ಕೊಡಿಸಬಲ್ಲುದೇ ಹೊರತು ನಿದ್ರೆಯ ಹೊತ್ತನ್ನು ಮನೆಯ ಸಾಹುಕಾರನೇ ಕೊಡಬೇಕು. ಹಾಸಿಗೆಯನ್ನು ಮಾಡಿಸಿ, ಬೆಳಗಾಗುವುದರೊಳಗೆ ಮಾಲು ಮುಟ್ಟಲೇಬೇಕೆಂದು ಒತ್ತಾಯಿಸಿದರೆ ಆ ಒಂದಡಿ ಜಾಗವೂ ಅಲಂಕಾರವೇ ಆಗುತ್ತದೆ.

ಹೊಸ ಲಾರಿ ಮೊದಲ ಬಾರಿ ಪುಣೆಗೆ ಹೊರಟ ಮರುದಿನ ಬೆಳಿಗ್ಗೆ ಅಲ್ಲಿಯ ಖರೀದಿದಾರರ ಫೋನು ಬಂತು. ಏಳಕ್ಕೆ ಮುಟ್ಟಬೇಕಾದ ಮಾಲು ಒಂಬತ್ತಾದರೂ ಬಂದಿಲ್ಲವೆಂದು ಅವರು ಆಕ್ಷೇಪಿಸಿದರು. ಮುಂದಿನ ಸಲ ಬೇರೆಯವರನ್ನು ನೋಡಿಕೊಳ್ಳಬೇಕಾದೀತೆಂಬ ಸೂಚನೆಯೂ ಅದರಲ್ಲಿತ್ತು. ವರ್ತಕರು ಚಾಲಕನಿಗೆ ಫೋನು ಮಾಡಲು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಖರೀದಿದಾರರಿಗೆ ಮಾತ್ರ ಉತ್ತರ ಕೊಟ್ಟರು: "ಗಾಡಿ ಸೊಲ್ಲಾಪುರದ ಆಚಿ ನಿಂತದ್ರಿ. ಹುಡುಗ ಮಲ್ಕೊಂಡಾನ. ಎದ್ದ ಮ್ಯಾಲ ಬರ್ತಾನ."